ಸಿಲಿಕಾನ್ ತೆಗೆಸಿದ ಮೇಲೆ ಮತ್ತೆ ಸಿಲಿಕಾನೇ, ಇಲ್ಲ ನಮ್ಮದೇ ಮೈಯ ಕಾರ್ಟಿಲೇಜಾ (ಮೆದು ಮೂಳೆ)?

ನಾಲ್ಕು ವರ್ಷದ ಹಿಂದೆ ಆಕಾರ ತಿದ್ದೋಕೆ ಸಿಲಿಕಾನ್ ತುಂಡು ಹಾಕಿಸಿದ ಮೂಗಿನ ತುದಿ ಈಗ ಕೆಂಪಾಗಿ ಹೊಳೆಯುತ್ತಿದೆ ಅಂದಿರಿ. ಬಹುಶಃ ಒಳಗಿನ ತುಂಡು ಚರ್ಮವನ್ನು ಒತ್ತಿ ತೆಳುವಾಗಿಸುತ್ತಿದೆ. ಸೋಂಕೂ ಇರಬಹುದು, ಕಣ್ಣಾರೆ ನೋಡದೆ ಹೇಳೋಕಾಗಲ್ಲ. ನನಗೂ ಹೀಗೇ ಆಗಿತ್ತು. ಬೆರಳಿಟ್ಟರೆ ತುಂಡಿನ ಅಂಚು ಉಗುರಿನ ಹಾಗೆ ತಾಗುತ್ತಿತ್ತು. ನೀವು ಮಾತ್ರ ಸುಮ್ನೆ ಒತ್ತಿ ನೋಡಬೇಡಿ.

ಮೊದಲು ಈ ವಾರವೇ ಸರ್ಜನ್‌ಗೆ ತೋರಿಸಿ. ಕೀವು, ಜ್ವರ, ತುದಿಯಲ್ಲಿ ಬಿಳಿ ಚುಕ್ಕೆ ಕಂಡರೆ ಅವತ್ತೇ ಹೋಗಿ. ಚರ್ಮ ಒಡೆದರೆ ಕಲೆ ಉಳಿಯುತ್ತದೆ.

ಹಳೆಯ ಆಪರೇಷನ್ ಕಾಗದಗಳನ್ನು ಜೊತೆಗೆ ಒಯ್ಯಿರಿ, ಒಳಗೆ ನಿಜಕ್ಕೂ ಏನು ಹಾಕಿದ್ದಾರೆ ಅಂತ ನೋಡೋಕೆ. ಸಿಲಿಕಾನ್ ಸುಲಭವಾಗಿ ಹೊರಬರುತ್ತದೆ. ಗೋರ್‌ಟೆಕ್ಸ್ (ಇನ್ನೊಂದು ಬಗೆಯ ಕೃತಕ ತುಂಡು) ಆಗಿದ್ದರೆ ಅದರೊಳಕ್ಕೆ ಮಾಂಸ ಬೆಳೆದಿರುತ್ತದೆ, ಬಿಡಿಸೋದು ಕಷ್ಟ. ಸೋಂಕಿದ್ದರೆ ತೆಗೆದು, ಕೆಲವು ತಿಂಗಳು ಬಿಟ್ಟು ಮೂಗನ್ನು ಮತ್ತೆ ಸರಿಪಡಿಸುವುದೂ ಉಂಟು.

ಆಮೇಲೆ ಆಯ್ಕೆ. ತೆಳುವಾದ ತುದಿಗೆ ಮತ್ತೆ ಸಿಲಿಕಾನ್ ಬೇಡವೇ ಬೇಡ ಅನ್ನೋದು ನನ್ನ ಅಭಿಪ್ರಾಯ. ಕಿವಿಯ ಕಾರ್ಟಿಲೇಜ್ ಮೆದು, ಮೊದಲೇ ಬಾಗಿರುತ್ತದೆ, ತುದಿಗೆ ಚೆನ್ನಾಗಿ ಕೂರುತ್ತದೆ. ನನಗೆ ಹಾಕಿದ್ದೂ ಅದೇ. ಎರಡು ವಾರ ಆ ಕಡೆ ಮಗ್ಗುಲಾಗಿ ಮಲಗೋಕಾಗಲಿಲ್ಲ, ಅಷ್ಟೇ. ಆದರೆ ಮೂಗಿನ ದಿಂಡನ್ನು ಜಾಸ್ತಿ ಎತ್ತರಿಸಬೇಕಿದ್ದರೆ ಕಿವಿಯದು ಸಾಲದು, ಪಕ್ಕೆಲುಬಿನದು ಬೇಕಾಗಬಹುದು. ಅದು ಬರಬರುತ್ತಾ ಸೊಟ್ಟಗಾಗುವ ಸಾಧ್ಯತೆ ಇದೆ, ಎದೆಯ ಮೇಲೆ ಗಾಯದ ಗುರುತೂ ಉಳಿಯುತ್ತದೆ.

ಸರ್ಜನ್ ಹತ್ತಿರ ಎರಡೇ ಕೇಳಿ: ಮೂಗಿನ ನಡುಗೋಡೆಯಲ್ಲಿ ಬಳಸುವಷ್ಟು ಕಾರ್ಟಿಲೇಜ್ ಉಳಿದಿದೆಯಾ? ಇಂಥ ಮರು ಆಪರೇಷನ್ ಎಷ್ಟು ಮಾಡಿದ್ದೀರಿ? ಸಿಗರೇಟ್ ಇದ್ದರೆ ಇವತ್ತೇ ಬಿಡಿ.