ಮಗುವಿಗೆ ಆರು ತಿಂಗಳು ತುಂಬುತ್ತಿದೆ. ರಾಗಿ ಸರಿ ಯಾವಾಗ, ಹೇಗೆ ಶುರು ಮಾಡಲಿ?

ಅತ್ತೆಯವರು ಈಗಲೇ ರಾಗಿ ಸರಿ ಕೊಡು ಅಂತಾರೆ, ಡಾಕ್ಟರ್ ಆರು ತಿಂಗಳು ತುಂಬಲಿ ಅಂತಾರೆ, ಯಾರ ಮಾತು ಕೇಳಲಿ ಅಂತ ಬರೆದಿದ್ದೀರಿ. ಯಾವಾಗ ಅನ್ನುವುದಕ್ಕೆ ಡಾಕ್ಟರ್ ಮಾತು ಕೇಳಿ, ಏನು ಅನ್ನುವುದಕ್ಕೆ ಅತ್ತೆಯವರ ಮಾತು ಕೇಳಿ. 180 ದಿನ ತುಂಬುವ ತನಕ ಎದೆಹಾಲು ಒಂದೇ ಸಾಕು, ನೀರೂ ಬೇಡ. ಆಮೇಲೆ ಹಾಲು ಮಾತ್ರ ಸಾಲದು. ಹುಟ್ಟುವಾಗ ಮೈಯಲ್ಲಿದ್ದ ಕಬ್ಬಿಣದಂಶ ಅಷ್ಟು ಹೊತ್ತಿಗೆ ಕರಗುತ್ತಾ ಬಂದಿರುತ್ತದೆ. ಕತ್ತು ಗಟ್ಟಿಯಾಗಿ ನಿಂತಿರಬೇಕು, ಆಸರೆ ಕೊಟ್ಟರೆ ಮಗು ಕೂರಬೇಕು.

ನನ್ನ ಇಬ್ಬರು ಮಕ್ಕಳಿಗೂ ಸರಿ ಹಿಟ್ಟನ್ನು ಮನೆಯಲ್ಲೇ ಮಾಡಿಕೊಂಡೆ. ರಾಗಿಯ ಕಲ್ಲು ಆರಿಸಿ, ಚೆನ್ನಾಗಿ ತೊಳೆದು, ರಾತ್ರಿಯಿಡೀ ನೆನೆಸಿ. ಬೆಳಿಗ್ಗೆ ನೀರು ಬಸಿದು ತೆಳು ಬಟ್ಟೆಯಲ್ಲಿ ಕಟ್ಟಿಡಿ. ಬಟ್ಟೆ ಒಣಗದಂತೆ ನೀರು ಚಿಮುಕಿಸುತ್ತಿದ್ದರೆ ಒಂದೆರಡು ದಿನದಲ್ಲಿ ಮೊಳಕೆ ಬರುತ್ತದೆ. ಪೂರ್ತಿ ಒಣಗಿಸಿ, ಸಣ್ಣ ಉರಿಯಲ್ಲಿ ಘಮ ಬರುವಷ್ಟು ಮಾತ್ರ ಹುರಿದು, ಮಿಲ್ಲಿನಲ್ಲಿ ನುಣ್ಣಗೆ ಬೀಸಿಸಿ. ಮಗುವಿಗೆ ಅಂತ ಮೊದಲೇ ಹೇಳಿ, ಖಾರದಪುಡಿ ಮಾಡುವ ಮಷೀನಿಗೆ ಹಾಕಿಬಿಟ್ಟಾರು! ಮನೆಗೆ ತಂದು ತೆಳು ಬಟ್ಟೆಯಲ್ಲಿ ಸೋಸಿದರೆ ಹೊಟ್ಟು ಮೇಲೇ ಉಳಿಯುತ್ತದೆ.

ಇನ್ನು ಹದ. ನಾನು ಒತ್ತಿ ಹೇಳಬೇಕಾಗಿರುವುದು ಇದೇ. ಗಂಟಲಿಗೆ ಸಿಕ್ಕೀತು ಅನ್ನುವ ಹೆದರಿಕೆಯಿಂದ ಎಷ್ಟೋ ಮನೆಗಳಲ್ಲಿ ಸರಿಯನ್ನು ನೀರು ನೀರಾಗಿ ಮಾಡಿ ಬಾಟಲಿಯಲ್ಲಿ ಕುಡಿಸುತ್ತಾರೆ. ಪುಟ್ಟ ಹೊಟ್ಟೆ ನೀರಿನಿಂದಲೇ ತುಂಬಿಬಿಡುತ್ತದೆ, ಮೈಗೆ ಏನೂ ಹತ್ತುವುದಿಲ್ಲ. ಚಮಚ ವಾಲಿಸಿದರೆ ಸರಿ ಸುರಿಯಬಾರದು, ನಿಧಾನಕ್ಕೆ ಜಾರಬೇಕು. ಮೊಳಕೆ ಬರಿಸಿದ ಹಿಟ್ಟು ಬೇಯುವಾಗ ತಾನಾಗಿ ಸಡಿಲವಾಗುತ್ತದೆ. ಅದಕ್ಕೇ ಜಾಸ್ತಿ ನೀರು ಬೇಕಾಗುವುದಿಲ್ಲ. ತಣ್ಣೀರಿನಲ್ಲಿ ಗಂಟಿಲ್ಲದಂತೆ ಕದಡಿ, ಆಮೇಲೆ ಒಲೆಗಿಟ್ಟು ಕೈಯಾಡಿಸುತ್ತಾ ಬೇಯಿಸಿ. ಇಳಿಸಿದ ಮೇಲೆ ಸ್ವಲ್ಪ ತುಪ್ಪ.

ಮೊದಲ ದಿನಗಳಲ್ಲಿ ಎರಡು ಮೂರು ಚಮಚ ಸಾಕು. ಜೊತೆಗೆ ಎದೆಹಾಲು ಇದ್ದೇ ಇರಲಿ. ಉಪ್ಪು, ಸಕ್ಕರೆ, ಬೆಲ್ಲ ಬೇಡ. ಜೇನುತುಪ್ಪವನ್ನಂತೂ ವರ್ಷ ತುಂಬುವ ತನಕ ನೆಕ್ಕಿಸಲೇಬೇಡಿ, ಬೊಟುಲಿಸಂ ಅನ್ನುವ ಅಪಾಯದ ಕಾಯಿಲೆ ಬರಬಹುದು. ಹಿರಿಯರು ಬೇಜಾರು ಮಾಡಿಕೊಂಡರೂ ಪರವಾಗಿಲ್ಲ.

ರಾಗಿಗೇ ನಿಂತುಬಿಡಬೇಡಿ. 100 ಗ್ರಾಂ ರಾಗಿಯಲ್ಲಿ 300 ಮಿಲಿಗ್ರಾಂಗಿಂತ ಜಾಸ್ತಿ ಕ್ಯಾಲ್ಸಿಯಂ ಇದೆ, ನಿಜ. ಆದರೆ ಅದರ ಕಬ್ಬಿಣದಂಶ ಮೈಗೆ ಸೇರುವುದು ಕಡಿಮೆ. ಕೆಲವೇ ದಿನಗಳಲ್ಲಿ ಅಕ್ಕಿ ಹೆಸರುಬೇಳೆ ಮೆತ್ತಗೆ ಬೇಯಿಸಿ ಕಿವುಚಿ ಕೊಡಿ. ಸೊಪ್ಪು ಸೇರಿಸಿ, ಎರಡು ಹನಿ ನಿಂಬೆರಸ ಹಿಂಡಿ. ನಿಮ್ಮ ಮನೆಯಲ್ಲಿ ತಿನ್ನುವವರಾದರೆ ಚೆನ್ನಾಗಿ ಬೆಂದ ಮೊಟ್ಟೆ, ನುಣ್ಣಗೆ ಮಾಡಿದ ಮಾಂಸವನ್ನೂ ಈಗಲೇ ಕೊಡಬಹುದು, ವರ್ಷ ಕಾಯಬೇಕಿಲ್ಲ. ಹೊಸದನ್ನು ಒಂದೊಂದಾಗಿ ಕೊಟ್ಟರೆ ಯಾವುದು ಆಗಿಬರಲಿಲ್ಲ ಅಂತ ತಿಳಿಯುತ್ತದೆ. ಮೈಮೇಲೆ ದದ್ದು ಎದ್ದರೆ, ಮತ್ತೆ ಮತ್ತೆ ವಾಂತಿಯಾದರೆ ಡಾಕ್ಟರಿಗೆ ತೋರಿಸಿ.

ಮೊದಮೊದಲು ಮಗು ನಾಲಿಗೆಯಿಂದ ಆಚೆ ತಳ್ಳುತ್ತದೆ. ಇಷ್ಟವಿಲ್ಲ ಅಂತಲ್ಲ, ನುಂಗುವುದನ್ನು ಇನ್ನೂ ಕಲಿಯಬೇಕು. ಬಲವಂತ ಮಾಡಬೇಡಿ, ನಾಳೆ ಮತ್ತೆ ಅದನ್ನೇ ಕೊಟ್ಟು ನೋಡಿ.