ಹೊಸ ಚಿಕ್ಕ ಪಿಸ್ತೂಲು: ಒಂದು ಡಬ್ಬಿ ಗುಂಡು ಹೊಡೆದ ಮಾತ್ರಕ್ಕೆ ಸೊಂಟಕ್ಕೆ ಸಿಕ್ಕಿಸಬೇಡಿ

ಸರ್, ಟೆಕ್ಸಾಸ್ ಕಡೆಯ ನಮ್ಮ ಈ ಗುಂಪಿನಲ್ಲಿ ನೀವು ಹಾಕಿದ ಪೋಸ್ಟ್ ಎರಡು ಸಲ ಓದಿದೆ. ಹಳೇ ಪಿಸ್ತೂಲು ಭಾರ ಅಂತ ಹೊಸ ಮೈಕ್ರೋ 9 ಎಂಎಂ, ಅಂದರೆ ಪುಟ್ಟ ಪಿಸ್ತೂಲು, ತಗೊಂಡಿದ್ದೀರಿ. ಶನಿವಾರ ರೇಂಜ್‌ನಲ್ಲಿ 50ರ ಒಂದು ಡಬ್ಬಿ ಬಾಲ್ ಗುಂಡು (ತುದಿ ದುಂಡಗಿರೋ ಅಭ್ಯಾಸದ ಗುಂಡು) ಹೊಡೆದಿದ್ದೀರಿ. ಶುರುವಿನಲ್ಲಿ ಎರಡು ಸಲ ಜಾಮ್ ಆಯಿತು, ಆಮೇಲೆ ಸರಾಗ ಓಡಿತು. "ಬ್ರೇಕ್-ಇನ್ ಮುಗೀತು, ಹಾಲೋ ಪಾಯಿಂಟ್ ತುಂಬಿಟ್ಟಿದ್ದೀನಿ, ಸೋಮವಾರದಿಂದ ಕ್ಯಾರಿ" ಅಂತ ಬರೆದಿದ್ದೀರಿ. ಅಂದರೆ ಹೊಸದು ಪಳಗಿತು, ಇನ್ನು ತುದಿ ಟೊಳ್ಳಾದ ರಕ್ಷಣೆಯ ಗುಂಡು ತುಂಬಿ ದಿನಾ ಸೊಂಟದಲ್ಲಿಟ್ಟು ಓಡಾಡೋದು. ದಯವಿಟ್ಟು ಬೇಡ. ಮೊದಲ ಪಿಸ್ತೂಲು ತಗೊಂಡಾಗ ನಾನೂ ಇದೇ ಲೆಕ್ಕ ಹಾಕಿದ್ದೆ, ಅದಕ್ಕೇ ಇಷ್ಟುದ್ದ ಬರೀತಿದ್ದೀನಿ. ಕೆಳಗೆ "ಕಂಗ್ರಾಟ್ಸ್ ಬ್ರೋ" ಅಂತ ಹಾಕಿರೋ ಅಷ್ಟೂ ಜನರಲ್ಲಿ ಒಬ್ಬರಾದರೂ ಆ ಎರಡು ಜಾಮ್ ಯಾಕಾಯಿತು ಅಂತ ಕೇಳಬೇಕಿತ್ತು.

ನಿಮ್ಮ ಲೆಕ್ಕದಲ್ಲಿ ಎರಡು ತೂತಿವೆ. ಜಾಮ್‌ಗೆ ಕಾರಣ ಗೊತ್ತಾಗಿಲ್ಲ, ನಿಂತುಹೋಯಿತು ಅಷ್ಟೆ. ತಾನಾಗಿ ನಿಂತದ್ದು ತಾನಾಗಿ ವಾಪಸ್ ಬರುತ್ತೆ. ಇನ್ನೊಂದು, ನೀವು ಪರೀಕ್ಷೆ ಮಾಡಿದ್ದು ಒಂದು ಗುಂಡಿನಲ್ಲಿ, ನಂಬಿ ಒಯ್ಯೋದು ಇನ್ನೊಂದನ್ನು. ಆ ಹಾಲೋ ಪಾಯಿಂಟ್ ನಿಮ್ಮ ಪಿಸ್ತೂಲಿನ ನಳಿಗೆಯ ಹಿಂಬದಿಯಲ್ಲಿ ಗುಂಡು ಕೂರೋ ಚೇಂಬರ್‌ಗೆ ಹತ್ತುತ್ತೋ ಇಲ್ಲವೋ ಅಂತ ನಿಮಗಿನ್ನೂ ಗೊತ್ತಿಲ್ಲ.

ನಾನು ಸಕಲೇಶಪುರದ ಕಡೆ ತೋಟದಲ್ಲಿ ಬೆಳೆದವನು. ಮನೆಯಲ್ಲಿ ಜೋಡು ನಳಿಗೆಯ ತೋಟಾ ಕೋವಿ ಇತ್ತು. ಮಡಚಿ ಬಿಚ್ಚಿ ಎರಡು ತೋಟಾ ಹಾಕಿ ಮುಚ್ಚಿದರೆ ಎರಡು ಈಡು ಗ್ಯಾರಂಟಿ. ಅಲ್ಲಿ ಗುಂಡು ಚೇಂಬರ್‌ಗೆ ಹೋಗೋದು ನಮ್ಮ ಕೈಯಿಂದ. ಸೆಮಿ ಆಟೋದಲ್ಲಿ ಆ ಕೆಲಸ ಮಾಡೋದು ಹಿಂದಿನ ಗುಂಡಿನ ಹೊಡೆತ, ಮ್ಯಾಗಜಿನ್ ಸ್ಪ್ರಿಂಗ್ ಮತ್ತು ನಿಮ್ಮ ಮಣಿಕಟ್ಟು. ಊರಿನ ಕೋವಿಯ ನಂಬಿಕೆಯನ್ನು ಹಾಗೇ ಇದರ ಮೇಲೂ ಇಟ್ಟುಬಿಡೋದು ನಮ್ಮವರ ದೊಡ್ಡ ತಪ್ಪು.

ಅದರಲ್ಲೂ ಈ ಚಿಕ್ಕವು ಇನ್ನೂ ನಾಜೂಕು. ಪಿ365, ಹೆಲ್‌ಕ್ಯಾಟ್, ಶೀಲ್ಡ್ ಪ್ಲಸ್ ಎಲ್ಲ ಹೆಚ್ಚೂಕಡಿಮೆ ಮೂರಿಂಚಿನ ಬ್ಯಾರೆಲ್‌ನವು, ತೂಕ ಅರ್ಧ ಕೆಜಿ ಆಸುಪಾಸು. ಸ್ಲೈಡ್ (ಹೊಡೆದಾಗ ಹಿಂದೆ ಮುಂದೆ ಸರಿಯೋ ಮೇಲ್ಭಾಗ) ಹಗುರ, ಹಿಂದೆ ಸರಿಯೋ ದೂರ ಕಮ್ಮಿ, ವೇಗ ಜಾಸ್ತಿ. ಅದನ್ನು ತಡೆಯೋಕೆ ಗಟ್ಟಿ ರಿಕಾಯಿಲ್ ಸ್ಪ್ರಿಂಗ್. ಸ್ಲೈಡ್ ವಾಪಸ್ ಬರೋದರೊಳಗೆ ಮುಂದಿನ ಗುಂಡನ್ನು ಮೇಲೆ ತರೋಕೆ ಮ್ಯಾಗಜಿನ್ ಸ್ಪ್ರಿಂಗ್‌ಗೆ ಸಿಗೋ ಸಮಯ ತೀರಾ ಕಮ್ಮಿ. ಪೂರ್ತಿ ಸೈಜಿನ ಗ್ಲಾಕ್ 17 ಸಹಿಸಿಕೊಳ್ಳೋ ಸಡಿಲ ಹಿಡಿತ, ಸಪ್ಪೆ (ಮದ್ದಿನ ಬಲ ಕಮ್ಮಿ ಇರೋ) ಗುಂಡು, ಒಣ ರೈಲ್ (ಸ್ಲೈಡ್ ಜಾರೋ ಹಳಿ) ಇವನ್ನೆಲ್ಲ ಚಿಕ್ಕದು ಅಷ್ಟು ಸುಲಭಕ್ಕೆ ಸಹಿಸಲ್ಲ.

ಈಗ ನನ್ನ ಪದ್ಧತಿ. ನನ್ನ ಜೊತೆ ರೇಂಜ್‌ಗೆ ಬರೋರಿಗೆಲ್ಲ ಇದು ಕೇಳಿ ಕೇಳಿ ಸಾಕಾಗಿದೆ, ಆದರೂ ಹೇಳ್ತೀನಿ. ಮ್ಯಾಗಜಿನ್‌ಗೆ ನಂಬರು ಹಾಕಿ. ಬಿಳಿ ಪೇಂಟ್ ಮಾರ್ಕರ್ ತಗೊಂಡು ತಳದ ಪ್ಲೇಟ್ ಮೇಲೆ 1, 2, 3 ಅಂತ ಬರೆಯಿರಿ. ಒಂದು ಚಿಕ್ಕ ನೋಟ್‌ಬುಕ್ ಇಟ್ಟುಕೊಳ್ಳಿ. ಜಾಮ್ ಆದ ತಕ್ಷಣ ಪಟಕ್ಕನೆ ಸ್ಲೈಡ್ ಎಳೆದು ಸರಿ ಮಾಡೋ ಅಭ್ಯಾಸವನ್ನು ಈ ಪರೀಕ್ಷೆಯ ಮಟ್ಟಿಗೆ ಬಿಡಿ. ಎಳೆದುಬಿಟ್ಟರೆ ಸಾಕ್ಷಿ ಹೋಯಿತು. ಟ್ರಿಗರ್‌ನಿಂದ ಬೆರಳು ತೆಗೆದು, ಮೂತಿ ಗುರಿಯ ಕಡೆಗೇ ಇಟ್ಟು, ನೋಡಿ. ಗುಂಡಿನ ಮೂತಿ ಕೆಳಗೆ ಬಾಗಿ, ಚೇಂಬರ್ ಬಾಯಿಯ ಇಳಿಜಾರಾದ ರ‍್ಯಾಂಪ್‌ಗೆ ಗುದ್ದಿ ನಿಂತಿದ್ದರೆ ಮೊದಲ ಅನುಮಾನ ಮ್ಯಾಗಜಿನ್ ಮೇಲೆ. ಖಾಲಿ ಕೇಸ್ ಸ್ಲೈಡ್‌ಗೆ ಸಿಕ್ಕಿ ನೆಟ್ಟಗೆ ನಿಂತಿದ್ದರೆ ಹಿಡಿತ, ಸಪ್ಪೆ ಗುಂಡು ಅಥವಾ ಖಾಲಿ ಕೇಸ್ ಎಳೆದು ತೆಗೆಯೋ ಕೊಕ್ಕೆ, ಎಕ್ಸ್‌ಟ್ರ್ಯಾಕ್ಟರ್. ಸ್ಲೈಡ್ ಪೂರ್ತಿ ಮುಚ್ಚದೆ ಕೂದಲೆಳೆಯಷ್ಟು ಹಿಂದೆ ನಿಂತಿದ್ದರೆ ಕೊಳೆ, ಒಣಗಿದ ರೈಲ್, ಇಲ್ಲ ಗುಂಡಿನ ಅಳತೆ. ಕ್ಲಿಕ್ ಅಂದು ಹಾರದೆ ಇದ್ದರೆ ಮೂತಿ ಅತ್ತಲೇ ಇಟ್ಟು 30 ಸೆಕೆಂಡ್ ಕಾಯಿರಿ, ಆಮೇಲೆ ಹೊರ ತೆಗೆದು ಪ್ರೈಮರ್ (ತೋಟಾದ ತಳದಲ್ಲಿ ಕಿಡಿ ಹೊತ್ತಿಸೋ ಭಾಗ) ಮೇಲಿನ ಗುಳಿ ನೋಡಿ. ಪ್ರತಿಯೊಂದಕ್ಕೂ ಒಂದು ಸಾಲು: ಯಾವ ಮ್ಯಾಗಜಿನ್, ಎಷ್ಟನೇ ಗುಂಡು, ಯಾವ ಗುಂಡು, ಯಾರ ಕೈ.

ಇದು ಯಾಕೆ ಅಂದರೆ, ನನ್ನ ಹಳೆಯ ಪಿಸ್ತೂಲು ಯಾವಾಗಲೋ ಒಮ್ಮೆ ಜಾಮ್ ಆಗೋದು, ಬೇಕಾದಾಗ ಮಾಡಿ ತೋರಿಸೋಕಾಗ್ತಿರಲಿಲ್ಲ. ಗುಂಡಿನ ಮೇಲೆ ತಪ್ಪು ಹೊರಿಸಿ ಬೇರೆ ಬೇರೆ ಬ್ರ್ಯಾಂಡ್ ತಂದಿದ್ದೂ ಆಯಿತು. ನಂಬರು ಹಾಕಿ ಬರೆಯೋಕೆ ಶುರು ಮಾಡಿದ ಮೇಲೆ ನೋಡಿದರೆ ಎಲ್ಲ ಜಾಮ್ ಒಂದೇ ಮ್ಯಾಗಜಿನ್‌ನಲ್ಲಿ, ಅದೂ ಕೊನೆಯ ಎರಡು ಗುಂಡು ಉಳಿದಾಗ. ಪಕ್ಕ ಪಕ್ಕ ಇಟ್ಟರೆ ಮೂರೂ ಒಂದೇ ಥರ. ಫಾಲೋಯರ್ (ಮ್ಯಾಗಜಿನ್ ಒಳಗೆ ಗುಂಡನ್ನು ಮೇಲಕ್ಕೆ ತಳ್ಳೋ ತಟ್ಟೆ) ಅನ್ನು ಪೆನ್ನಿನ ತುದಿಯಿಂದ ನಿಧಾನಕ್ಕೆ ಒತ್ತಿ ಬಿಟ್ಟಾಗ ಗೊತ್ತಾಯಿತು: ಉಳಿದೆರಡರಲ್ಲಿ ಅದು ಪಟ್ಟನೆ ಮೇಲೆ ಬರೋದು, ಇದರಲ್ಲಿ ಮುಂದಿನ ಅಂಚು ಓರೆಯಾಗಿ ಒಂದು ಕ್ಷಣ ತಡೆದು ಆಮೇಲೆ ಏರೋದು. ಬೆಳಕಿಗೆ ಹಿಡಿದರೆ ಒಂದು ಬದಿಯ ಫೀಡ್ ಲಿಪ್ (ಮೇಲಿನ ಗುಂಡನ್ನು ಹಿಡಿದಿಡೋ ಅಂಚು) ಸ್ವಲ್ಪ ಹೊರಕ್ಕೆ ಬಾಗಿತ್ತು. ಸಿಮೆಂಟ್ ನೆಲಕ್ಕೆ ಬಿದ್ದ ಮ್ಯಾಗಜಿನ್ ಅದು. ಅದನ್ನು ಪಕ್ಕಕ್ಕಿಟ್ಟೆ, ಪಿಸ್ತೂಲಿನ ರೋಗವೂ ಹೋಯಿತು. ಅಷ್ಟು ದಿನ ಪಿಸ್ತೂಲನ್ನೇ ಮಾರಿಬಿಡೋಣ ಅಂತಿದ್ದೆ. ನಿಮ್ಮ ಎರಡು ಜಾಮ್ ಯಾವ ಮ್ಯಾಗಜಿನ್‌ನಲ್ಲಿ ಆದದ್ದು ಅಂತ ನಿಮಗೆ ಗೊತ್ತೇ? ಪೋಸ್ಟ್‌ನಲ್ಲಿ ಬರೆದಿಲ್ಲ ಅಂದರೆ ಗೊತ್ತಿಲ್ಲ ಅಂತಲೇ ಅಂದುಕೊಳ್ತೀನಿ.

ಎಷ್ಟು ಹೊಡೆಯಬೇಕು ಅನ್ನೋದಕ್ಕೆ ಬರೋಣ. ಕಾಹ್ರ್ ಕಂಪನಿಯವರು ತಮ್ಮ ಮ್ಯಾನ್ಯುಯಲ್‌ನಲ್ಲೇ 200 ಗುಂಡು ಹೊಡೆಯೋವರೆಗೆ ನಂಬಬೇಡಿ ಅಂತಾರೆ. ಈ ಗುಂಪಿನಲ್ಲಿ ಅರ್ಧಕ್ಕರ್ಧ ಐಟಿಯವರು, ಲೆಕ್ಕ ನೀವೇ ಹಾಕಿ. ಒಂದೂ ತಪ್ಪದೆ 50 ಗುಂಡು ಓಡಿದರೂ ಶೇ 95ರ ಖಾತ್ರಿಯಲ್ಲಿ ಹೇಳಬಹುದಾದದ್ದು ಕೈಕೊಡೋ ಪ್ರಮಾಣ ಸುಮಾರು ಶೇ 6ಕ್ಕಿಂತ ಕಡಿಮೆ ಅಂತ ಮಾತ್ರ. 3ನ್ನು ಗುಂಡಿನ ಸಂಖ್ಯೆಯಿಂದ ಭಾಗಿಸಿದರೆ ಆಯಿತು. ಶೇ 6 ಅಂದರೆ ಹತ್ತು ಗುಂಡಿನ ಮ್ಯಾಗಜಿನ್ ಒಮ್ಮೆಯಾದರೂ ನಿಲ್ಲೋ ಸಾಧ್ಯತೆ ಹತ್ತಿರ ಹತ್ತಿರ ಅರ್ಧ. 200 ಗುಂಡಿಗೆ ಅದು ಶೇ 1.5ಕ್ಕೆ ಇಳಿಯುತ್ತೆ, 500ಕ್ಕೆ ಶೇ 0.6. ಇದು ತಪ್ಪೇ ಇಲ್ಲದೆ ಓಡಿದಾಗಿನ ಮಾತು. ನಿಮ್ಮದು 50ರಲ್ಲಿ ಎರಡು ತಪ್ಪಿದೆ.

ಹಾಗಾಗಿ ನನ್ನ ಅಳತೆ ಇದು. ಬಾಲ್ ಗುಂಡು ಕನಿಷ್ಠ 200, ಎಲ್ಲ ಮ್ಯಾಗಜಿನ್‌ಗಳನ್ನೂ ತಿರುಗಿಸಿ ತಿರುಗಿಸಿ. ಆಮೇಲೆ ನೀವು ನಿಜಕ್ಕೂ ಒಯ್ಯೋ ಹಾಲೋ ಪಾಯಿಂಟ್, ಅದೇ ಬ್ರ್ಯಾಂಡ್, ಬುಲೆಟ್‌ನ ಅದೇ ತೂಕ (ಗ್ರೇನ್ ಲೆಕ್ಕದಲ್ಲಿ), ನೂರಾದರೂ. ಕಾರಣ ಗೊತ್ತಿಲ್ಲದ ಜಾಮ್ ಒಂದು ಬಂದರೂ ಎಣಿಕೆ ಸೊನ್ನೆಯಿಂದ. ಸ್ಪ್ರಿಂಗ್, ಮ್ಯಾಗಜಿನ್, ಗುಂಡು ಯಾವುದು ಬದಲಾಯಿಸಿದರೂ ಸೊನ್ನೆಯಿಂದ. ಹಾಲೋ ಪಾಯಿಂಟ್ ದುಬಾರಿ ಅಂತೀರಿ, ನಿಜ. ಅಂಗಡಿಯ ಶೆಲ್ಫಿನಲ್ಲಿ ಕಾಣೋ 20ರ ಡಬ್ಬಿ ಬಿಡಿ, ಫೆಡರಲ್ ಎಚ್‌ಎಸ್‌ಟಿ, ಸ್ಪೀಯರ್ ಗೋಲ್ಡ್ ಡಾಟ್ ಎರಡೂ 50ರ ಡಬ್ಬಿಯಲ್ಲಿ ಸಿಗುತ್ತವೆ, ಗುಂಡಿಗೆ ಲೆಕ್ಕ ಹಾಕಿದರೆ ಅದೇ ಅಗ್ಗ. ನಾನು 124 ಗ್ರೇನ್ ಎಚ್‌ಎಸ್‌ಟಿ ಬಿಟ್ಟು ಬೇರೆಗೆ ಹೋಗಲ್ಲ. ಅಭ್ಯಾಸಕ್ಕೂ 124 ಗ್ರೇನ್ ಬಾಲ್ ತಗೊಳ್ಳಿ, ಒದೆತ ಹೆಚ್ಚೂಕಡಿಮೆ ಹೊಂದುತ್ತೆ. ಅತೀ ಅಗ್ಗದ ಸಪ್ಪೆ 115 ಗ್ರೇನ್ ಹೊಸ ಗಟ್ಟಿ ಸ್ಪ್ರಿಂಗ್‌ನಲ್ಲಿ ಜಾಮ್ ಆದರೆ ಅದನ್ನೇ ಪಿಸ್ತೂಲಿನ ಮೇಲಿನ ತೀರ್ಪು ಅಂತ ತಿಳಿಯಬೇಡಿ, ಆದರೆ ಬರೆದಿಡಿ.

ಹೇಗೆ ಹೊಡೀತೀರಿ ಅನ್ನೋದೂ ಎಷ್ಟು ಅನ್ನೋದರಷ್ಟೇ ಮುಖ್ಯ. ಮ್ಯಾಗಜಿನ್ ಪೂರ್ತಿ ತುಂಬಿ, ಚೇಂಬರ್‌ನಲ್ಲಿ ಒಂದು ಇಟ್ಟು, ಅಲ್ಲಿಂದ ಶುರು ಮಾಡಿ. ಕ್ಯಾರಿ ಮಾಡೋದು ಹಾಗೇ ಅಲ್ಲವೇ? ಪೂರ್ತಿ ತುಂಬಿದಾಗ ಮೇಲಿನ ಗುಂಡು ಸ್ಲೈಡ್‌ನ ತಳಕ್ಕೆ ಬಿಗಿಯಾಗಿ ಒತ್ತಿರುತ್ತೆ, ಮೊದಲ ಈಡಿನ ನಂತರದ ಫೀಡ್‌ಗೆ ಅದೇ ಕಷ್ಟದ ಗಳಿಗೆ. ರೇಂಜ್‌ನಲ್ಲಿ ಐದೈದೇ ತುಂಬಿ ಹೊಡೆಯೋರಿಗೆ ಅದು ಕಾಣೋದೇ ಇಲ್ಲ. ಬಲಗೈ ಒಂದರಲ್ಲಿ, ಎಡಗೈ ಒಂದರಲ್ಲಿ ಹೊಡೆದು ನೋಡಿ. ನಿಮಗೆ ಜಾಮ್ ಆಗಿ ರೇಂಜ್‌ನ ಇನ್‌ಸ್ಟ್ರಕ್ಟರ್ ಕೈಯಲ್ಲಿ ಅದೇ ಮ್ಯಾಗಜಿನ್, ಅದೇ ಗುಂಡು ಸರಾಗ ಓಡಿದರೆ ದೋಷ ಹಿಡಿತದ್ದು, ಮಣಿಕಟ್ಟು ಸಡಿಲ. ಆದರೆ ಅಲ್ಲಿಗೆ ಸಮಾಧಾನ ಪಡಬೇಡಿ. ಪಾಠದ ಥರ ಹಿಡಿದರೆ ಮಾತ್ರ ಓಡುತ್ತೆ ಅನ್ನೋ ಪಿಸ್ತೂಲು ಒಂದು ಕೈಯಲ್ಲಿ ಮಗುವನ್ನು ಎಳೆದುಕೊಂಡು ಓಡೋವಾಗ ಏನು ಮಾಡುತ್ತೆ? ಅಂಥದ್ದಕ್ಕಿಂತ ಒಂದು ಸೈಜು ದೊಡ್ಡದು ತಗೊಳ್ಳೋದು ಮೇಲು. ನಿಮ್ಮ ಮನೆಯವರೂ ಅದನ್ನೇ ಬಳಸೋದಾದರೆ ಅವರ ಕೈಯಲ್ಲೂ ಇದೇ ಪರೀಕ್ಷೆ ಆಗಬೇಕು, ನಿಮ್ಮ ಕೈಯ ಫಲಿತಾಂಶ ಅವರಿಗೆ ಬರಲ್ಲ.

ಕೊನೆಯ ಗುಂಡಿಗೆ ಸ್ಲೈಡ್ ಲಾಕ್ ಆಗ್ತಿಲ್ಲ ಅಂತ ಪಕ್ಕದ ಥ್ರೆಡ್‌ನಲ್ಲಿ ದೂರಿದವರಿಗೂ ಇಲ್ಲೇ ಹೇಳಿಬಿಡ್ತೀನಿ: ಹೆಬ್ಬೆರಳು ಎಲ್ಲಿದೆ ನೋಡಿಕೊಳ್ಳಿ. ಚಿಕ್ಕ ಫ್ರೇಮ್‌ನಲ್ಲಿ ಅದು ಸ್ಲೈಡ್ ಸ್ಟಾಪ್ ಮೇಲೇ ಕೂತಿರುತ್ತೆ.

ಇನ್ನು ಬೈಯೋ ಭಾಗ. ಸ್ಟಾಕ್ ಪಿಸ್ತೂಲು ನೆಟ್ಟಗೆ ಓಡುತ್ತೋ ಇಲ್ಲವೋ ಗೊತ್ತಾಗೋ ಮುಂಚೆ ಯೂಟ್ಯೂಬ್ ನೋಡಿ ಟ್ರಿಗರ್, ಹಗುರ ಸ್ಪ್ರಿಂಗ್, ಗೈಡ್ ರಾಡ್ ಆರ್ಡರ್ ಮಾಡೋದು ಬಿಡಿ. ನಿಮ್ಮ ಪೋಸ್ಟ್‌ನ ಕೊನೇ ಸಾಲಿನಲ್ಲಿ "ಟ್ರಿಗರ್ ಕಿಟ್ ಬರ್ತಿದೆ" ಅಂತಿದೆ. ಬಂದರೆ ಡ್ರಾಯರ್‌ನಲ್ಲಿಡಿ. ಸ್ಟ್ರೈಕರ್‌ಗೆ (ಪ್ರೈಮರ್‌ಗೆ ಹೊಡೆಯೋ ಕಡ್ಡಿ) ಹಗುರ ಸ್ಪ್ರಿಂಗ್ ಹಾಕಿ ಪ್ರೈಮರ್ ಮೇಲೆ ಪುಟ್ಟ ಗುಳಿ ಮಾತ್ರ ಬೀಳೋ ಪಿಸ್ತೂಲುಗಳನ್ನು ಬೇಕಾದಷ್ಟು ನೋಡಿದ್ದೀನಿ. ಅದೇ ಅಳತೆಯಲ್ಲಿ ನಾಲ್ಕೈದು ಗುಂಡು ಹೆಚ್ಚು ಹಿಡಿಸ್ತೀವಿ ಅನ್ನೋ ಬೇರೆ ಕಂಪನಿಯ ಮ್ಯಾಗಜಿನ್‌ಗಳೂ ರೇಂಜ್ ಆಟಕ್ಕಿರಲಿ. ಕ್ಯಾರಿಗೆ ಪಿಸ್ತೂಲು ಮಾಡಿದವರದ್ದೇ ಮ್ಯಾಗಜಿನ್. ಹೊಸ ಮಾದರಿ ಬಂದ ಮೊದಲ ವರ್ಷ ಕೊಳ್ಳೋದೂ ಬೇಡ ಅನ್ನೋದು ನನ್ನ ಅಭಿಪ್ರಾಯ. 2018ರಲ್ಲಿ ಪಿ365 ಬಂದಾಗ ಸ್ಟ್ರೈಕರ್ ಮುರಿಯೋ ದೂರುಗಳು ಬಂದವು, ಆಮೇಲೆ ಸುಧಾರಿಸಿದರು, ಇವತ್ತಿನ ಪಿ365 ಒಳ್ಳೇ ಪಿಸ್ತೂಲು. ಗ್ಲಾಕ್ 43ಎಕ್ಸ್ ಕೈಗೆ ಸ್ವಲ್ಪ ಮರದ ತುಂಡಿನ ಹಾಗನಿಸುತ್ತೆ, ಆದರೆ ಹೊಸಬರು ಕೇಳಿದರೆ ನಾನು ಹೇಳೋದು ಅದನ್ನೇ.

ಡಾಟ್ ಸೈಟ್ (ಗುರಿಗೆ ಚುಕ್ಕಿ ತೋರಿಸೋ ಸಾಧನ) ಹಾಕಿಸಿದವರು ಒಂದು ವಿಷಯ ನೋಡಿಕೊಳ್ಳಿ. ಸ್ಕ್ರೂ ಒಂದು ಎಳೆ ಉದ್ದ ಇದ್ದರೂ ಕೆಲವು ಪಿಸ್ತೂಲುಗಳಲ್ಲಿ ಒಳಗೆ ಎಕ್ಸ್‌ಟ್ರ್ಯಾಕ್ಟರ್ ಪ್ಲಂಜರ್‌ಗೆ ತಾಗಿ ಅದು ಆಡದ ಹಾಗಾಗುತ್ತೆ. ನಿನ್ನೆವರೆಗೆ ಓಡ್ತಿದ್ದ ಪಿಸ್ತೂಲು ಖಾಲಿ ಕೇಸ್ ಉಗುಳೋದು ನಿಲ್ಲಿಸಿದರೆ ಮೊದಲು ಸ್ಕ್ರೂ ಬಿಚ್ಚಿ ನೋಡಿ.

ಎಣ್ಣೆ ರೈಲ್‌ಗೆ ಮತ್ತು ಬ್ಯಾರೆಲ್ ಉಜ್ಜೋ ಜಾಗಕ್ಕೆ ಒಂದೊಂದು ಹನಿ. ಸ್ಟ್ರೈಕರ್ ಚಾನೆಲ್‌ಗೆ ಹಾಕಬೇಡಿ, ಅಲ್ಲಿ ಧೂಳು ಸೇರಿ ಅಂಟಾಗುತ್ತೆ. ಮ್ಯಾಗಜಿನ್ ಒಳಗೂ ಬೇಡ. ಹೊಸ ಗ್ಲಾಕ್‌ನ ಸ್ಲೈಡ್ ಒಳಗೆ ಬರೋ ತಾಮ್ರದ ಬಣ್ಣದ ಗ್ರೀಸ್ ಒರೆಸಿ ತೆಗೆಯಬೇಡಿ. ಪರೀಕ್ಷೆ ಪಾಸಾಗಿ ಕ್ಯಾರಿ ಶುರು ಮಾಡಿದ ಮೇಲೂ ಒಂದೆರಡು ವಾರ ಬಿಟ್ಟು, ಕ್ಲೀನ್ ಮಾಡದೆ, ಸೊಂಟದಲ್ಲಿದ್ದ ಹಾಗೇ ರೇಂಜ್‌ಗೆ ಒಯ್ದು ಆ ಮ್ಯಾಗಜಿನ್ ಖಾಲಿ ಮಾಡಿ. ನಮ್ಮ ಟೆಕ್ಸಾಸ್ ಬೇಸಿಗೆಯ ಬೆವರು, ಅಂಗಿಯ ನೂಲು ಒಳಗೆಷ್ಟು ಸೇರಿದೆ ಅಂತ ಆಗ ಗೊತ್ತಾಗುತ್ತೆ.

ದಿನಾ ರಾತ್ರಿ ಗುಂಡು ತೆಗೆದು ಬೆಳಿಗ್ಗೆ ಅದೇ ಗುಂಡನ್ನು ಚೇಂಬರ್‌ಗೆ ಹಾಕೋ ಅಭ್ಯಾಸ ಇರೋರು ಗಮನಿಸಿ. ಪ್ರತಿ ಸಲ ರ‍್ಯಾಂಪ್‌ಗೆ ಗುದ್ದಿ ಗುದ್ದಿ ಬುಲೆಟ್ ಕೇಸ್ ಒಳಕ್ಕೆ ಜರುಗುತ್ತೆ, ಹೊಡೆದಾಗ ಒತ್ತಡ ಏರುತ್ತೆ. ಹೊಸ ಗುಂಡಿನ ಪಕ್ಕ ನಿಲ್ಲಿಸಿ ಎತ್ತರ ನೋಡಿ. ಗಿಡ್ಡ ಕಂಡರೆ ಅದನ್ನು ಹೊಡೆಯಲೇಬೇಡಿ, ರೇಂಜ್‌ನವರ ಕೈಗೆ ಕೊಟ್ಟುಬಿಡಿ. ಹೋಲ್‌ಸ್ಟರ್ ಸಮೇತ ಬಿಚ್ಚಿ ಸೇಫ್‌ನಲ್ಲಿಡೋದಾದರೆ ಈ ಗೋಳೇ ಇಲ್ಲ.

ಇಷ್ಟೆಲ್ಲ ಮಾಡಿಯೂ ಜಾಮ್ ಬರ್ತಿದ್ದರೆ ನೀವೇ ರ‍್ಯಾಂಪ್ ಪಾಲಿಶ್ ಮಾಡೋಕೆ ಹೋಗಬೇಡಿ. ಕಂಪನಿಗೆ ಕಳಿಸಿ, ನೋಟ್‌ಬುಕ್‌ನ ಪುಟದ ಕಾಪಿ ಮತ್ತು ಮ್ಯಾಗಜಿನ್‌ಗಳ ಸಮೇತ. ಬರೀ ಪಿಸ್ತೂಲು ಕಳಿಸಿದರೆ ಅವರು ತಮ್ಮ ಮ್ಯಾಗಜಿನ್ ಹಾಕಿ ನೋಡಿ, ಸರಿಯಿದೆ ಅಂತ ವಾಪಸ್ ಕಳಿಸ್ತಾರೆ.

ಕಾನೂನಿನ ಮಾತೂ ಹೇಳಿಬಿಡ್ತೀನಿ, ಇಲ್ಲಿ ಹೊಸಬರು ಜಾಸ್ತಿ ಇದ್ದಾರೆ. ಟೆಕ್ಸಾಸ್‌ನಲ್ಲಿ 2021ರ ಸೆಪ್ಟೆಂಬರ್ 1ರಿಂದ 21 ತುಂಬಿದ, ಕಾನೂನಿನ ಅಡ್ಡಿ ಇಲ್ಲದವರಿಗೆ ಲೈಸೆನ್ಸ್ ಇಲ್ಲದೆಯೂ ಕ್ಯಾರಿ ಮಾಡೋಕೆ ಅವಕಾಶ ಇದೆ. ಆದರೂ ಎಲ್‌ಟಿಸಿ (ರಾಜ್ಯದ ಕ್ಯಾರಿ ಲೈಸೆನ್ಸ್) ಮಾಡಿಸಿ, ರಾಜ್ಯದ ಗಡಿ ದಾಟೋವಾಗ ಬೇಕಾಗುತ್ತೆ, ಎಲ್ಲ ರಾಜ್ಯವೂ ಅದನ್ನು ಒಪ್ಪಲ್ಲ, ನೋಡಿಕೊಂಡು ಹೋಗಿ. ಎಚ್‌1ಬಿ, ಎಫ್1, ವಿಸಿಟರ್ ವೀಸಾದಲ್ಲಿ ಇರೋರಿಗೆ ಫೆಡರಲ್ ಕಾನೂನಿನಲ್ಲಿ ಬಂದೂಕು, ಗುಂಡು ಎರಡೂ ನಿಷೇಧ. ಚಾಲ್ತಿಯಲ್ಲಿರೋ ಬೇಟೆ ಲೈಸೆನ್ಸ್‌ನಂಥ ಕೆಲವೇ ವಿನಾಯಿತಿ ಇವೆ, ವಕೀಲರನ್ನು ಕೇಳದೆ ಅದನ್ನು ನಂಬಿ ಹೋಗಬೇಡಿ. ಊರಿಂದ ಬಂದ ಭಾವನ ಕೈಗೆ ರೇಂಜ್‌ನಲ್ಲಿ ಪಿಸ್ತೂಲು ಕೊಟ್ಟು ಫೋಟೊ ಹಾಕೋರನ್ನು ಈ ಗುಂಪಿನಲ್ಲೇ ನೋಡಿದ್ದೀನಿ. ಅವರ ವೀಸಾಕ್ಕೆ ಕುತ್ತು ತರೋ ಕೆಲಸ ಅದು. ಮತ್ತೆ ರೇಂಜ್‌ಗೆ ಒಯ್ಯೋ ಬ್ಯಾಗ್ ರೇಂಜ್‌ಗೆ ಮಾತ್ರ. ಅದೇ ಬ್ಯಾಗ್‌ನಲ್ಲಿ ಬಟ್ಟೆ ತುಂಬಿಕೊಂಡು ಬೆಂಗಳೂರಿಗೆ ಹೋದರೆ, ಮೂಲೆಯಲ್ಲಿ ಉಳಿದ ಒಂದೇ ಒಂದು ತೋಟಾ ಸಾಕು, ಅಲ್ಲಿನ ಶಸ್ತ್ರಾಸ್ತ್ರ ಕಾಯ್ದೆಯಲ್ಲಿ ಕೇಸು ಬೀಳುತ್ತೆ.

ನಿಮ್ಮ ವಿಷಯಕ್ಕೆ ಬಂದರೆ, ಈ ವಾರ ಹಳೇ ಪಿಸ್ತೂಲೇ ಇರಲಿ, ಅದು ಭಾರ ಅನ್ನೋದು ಕಾರಣವಲ್ಲ. ಪೇಂಟ್ ಮಾರ್ಕರ್ ತಗೊಳ್ಳಿ. ಮುಂದಿನ ಸಲ ಜಾಮ್ ಆದಾಗ ಎಳೆಯೋ ಮುಂಚೆ ಮೇಲೆ ಹೇಳಿದ ಹಾಗೆ ನೋಡಿ, ಫೋಟೊ ತೆಗೆದು ಇಲ್ಲಿ ಹಾಕಿ, ಜೊತೆಗೆ ಪಿಸ್ತೂಲಿನ ಮಾದರಿ, ಮ್ಯಾಗಜಿನ್ ನಂಬರು, ಎಷ್ಟನೇ ಗುಂಡು ಅಂತ ಬರೆಯಿರಿ. ನಾನು ನೋಡಿ ಹೇಳ್ತೀನಿ.