ಓದುಗರ ಪ್ರಶ್ನೆಗಳು: ಸೋರಿದ ಪಾಸ್‌ವರ್ಡ್‌ಗಳು ಮತ್ತು ವಂಚಕರ ಪತ್ರಗಳು

ಪ್ರಶ್ನೆ: ಅಪರಿಚಿತರೊಬ್ಬರ ಇಮೇಲ್‌ನಲ್ಲಿ ನಾನು ಹಿಂದೆ ಬಳಸುತ್ತಿದ್ದ ಪಾಸ್‌ವರ್ಡ್ ಇದ್ದ ಹಾಗೆಯೇ ನಮೂದಾಗಿದೆ. ನನ್ನ ಕಂಪ್ಯೂಟರಿನ ಕ್ಯಾಮೆರಾ ತಮ್ಮ ವಶದಲ್ಲಿದೆ, ಬಿಟ್‌ಕಾಯಿನ್ ರೂಪದಲ್ಲಿ ಹಣ ಕೊಡದಿದ್ದರೆ ನನ್ನ ವಿಡಿಯೊವನ್ನು ಪರಿಚಿತರಿಗೆಲ್ಲ ಹಂಚುತ್ತೇವೆ ಎಂದು ಬೆದರಿಸಿದ್ದಾರೆ. ಪಾಸ್‌ವರ್ಡ್ ನಿಜವಾದ ಮೇಲೆ ಉಳಿದದ್ದೂ ನಿಜವಿರಬಹುದೇ?

ಉತ್ತರ: ಪಾಸ್‌ವರ್ಡ್ ನಿಜ, ಉಳಿದದ್ದು ಬಹುಮಟ್ಟಿಗೆ ಕಟ್ಟುಕಥೆ. ಇದೇ ಒಕ್ಕಣೆಯ ಪತ್ರಗಳು 2018ರಿಂದ ಹಲವು ದೇಶಗಳಲ್ಲಿ, ಹಲವು ಭಾಷೆಗಳಲ್ಲಿ ಓಡಾಡುತ್ತಿವೆ. ಅವುಗಳಲ್ಲಿ ಕಾಣಿಸುವ ಪಾಸ್‌ವರ್ಡ್ ಸಾಮಾನ್ಯವಾಗಿ ಸ್ವೀಕರಿಸಿದವರ ಕಂಪ್ಯೂಟರಿನಿಂದ ಕದ್ದದ್ದಲ್ಲ. ಅವರು ಎಂದೋ ಸದಸ್ಯರಾಗಿದ್ದ ಯಾವುದೋ ತಾಣದ ದತ್ತಾಂಶ ಸೋರಿದಾಗ ಹೊರಬಿದ್ದದ್ದು. 2009ರಲ್ಲಿ ರಾಕ್‌ಯು ಎಂಬ ಕಂಪನಿಯಿಂದ ಸುಮಾರು 3.2 ಕೋಟಿ ಪಾಸ್‌ವರ್ಡ್‌ಗಳು ಯಾವ ಮರೆಯೂ ಇಲ್ಲದೆ ಸೋರಿದವು. 2012ರಲ್ಲಿ ಲಿಂಕ್ಡ್‌ಇನ್‌ನಿಂದ ಕಳುವಾದ ಮಾಹಿತಿಯ ಪ್ರಮಾಣ ಎಷ್ಟೆಂಬುದು 2016ರಲ್ಲಿ ಸುಮಾರು 11.7 ಕೋಟಿ ಸದಸ್ಯರ ಇಮೇಲ್ ಮತ್ತು ಪಾಸ್‌ವರ್ಡ್ ವಿವರಗಳು ಮಾರಾಟಕ್ಕೆ ಬಂದಾಗ ಬಯಲಾಯಿತು. ಇಂಥ ಪಟ್ಟಿಗಳನ್ನು ಒಗ್ಗೂಡಿಸಿ, ಪ್ರತಿ ವಿಳಾಸದ ಮುಂದೆ ಅದರದೇ ಪಾಸ್‌ವರ್ಡ್ ತುಂಬಿ, ಒಂದೇ ಪತ್ರವನ್ನು ಅಸಂಖ್ಯ ಜನರಿಗೆ ರವಾನಿಸುವ ಕೆಲಸವನ್ನು ಸಣ್ಣದೊಂದು ಪ್ರೋಗ್ರಾಂ ಮಾಡಿ ಮುಗಿಸುತ್ತದೆ. ಪತ್ರವು ನಿಮ್ಮದೇ ವಿಳಾಸದಿಂದ ಬಂದಂತೆ ಕಂಡರೂ ಅಂಜಬೇಕಿಲ್ಲ, ಏಕೆಂದರೆ ಇಮೇಲ್‌ನಲ್ಲಿ ಕಳುಹಿಸಿದವರ ವಿಳಾಸವನ್ನು ಸುಳ್ಳಾಗಿ ನಮೂದಿಸುವುದು ಕಷ್ಟದ ಕೆಲಸವಲ್ಲ.

ಹಣ ಕಳುಹಿಸಬೇಡಿ, ಉತ್ತರಿಸಲೂ ಬೇಡಿ. ಒಮ್ಮೆ ದೃಢಪಟ್ಟ ಬಿಟ್‌ಕಾಯಿನ್ ವರ್ಗಾವಣೆಯನ್ನು ಹಿಂದಕ್ಕೆ ಪಡೆಯಲಾಗದು. ನೀವು ನಿಜವಾಗಿ ಯೋಚಿಸಬೇಕಾದದ್ದು ಬೇರೆಯೇ ಇದೆ: ಆ ಪಾಸ್‌ವರ್ಡನ್ನು ಇನ್ನೂ ಎಲ್ಲಿಯಾದರೂ ಬಳಸುತ್ತಿದ್ದೀರಾ? ಸೋರಿದ ಇಮೇಲ್-ಪಾಸ್‌ವರ್ಡ್ ಜೋಡಿಗಳನ್ನು ನೂರಾರು ತಾಣಗಳಲ್ಲಿ ಯಂತ್ರಗಳ ಮೂಲಕ ಪ್ರಯೋಗಿಸಿ ನೋಡುವುದು ವಂಚಕರ ದಿನನಿತ್ಯದ ವ್ಯವಹಾರ. ಅದು ನಿಮ್ಮ ಇಮೇಲ್ ಖಾತೆಯ ಪಾಸ್‌ವರ್ಡ್ ಆಗಿದ್ದಲ್ಲಿ, ಅದನ್ನು ಬದಲಿಸುವುದರ ಜೊತೆಗೆ ಸೆಟ್ಟಿಂಗ್ಸ್‌ಗೆ ಹೋಗಿ ಯಾವ ಸಾಧನಗಳು ಲಾಗಿನ್ ಆಗಿವೆ, ಬಂದ ಪತ್ರಗಳು ಬೇರೆ ವಿಳಾಸಕ್ಕೆ ತಾವಾಗಿಯೇ ಹೋಗುವಂತೆ ಯಾರಾದರೂ ಏರ್ಪಾಡು ಮಾಡಿದ್ದಾರೆಯೇ ಎಂದು ಪರಿಶೀಲಿಸಿ. ಈ ಎರಡನೆಯದನ್ನು ಬಹಳ ಮಂದಿ ನೋಡುವುದೇ ಇಲ್ಲ. ನಿಮ್ಮ ವಿಳಾಸ ಯಾವ ಯಾವ ಸೋರಿಕೆಗಳಲ್ಲಿ ಸೇರಿದೆಯೆಂಬುದನ್ನು ಭದ್ರತಾ ತಜ್ಞ ಟ್ರಾಯ್ ಹಂಟ್ ಅವರು 2013ರಲ್ಲಿ ಆರಂಭಿಸಿದ ಹ್ಯಾವ್ ಐ ಬೀನ್ ಪೋನ್ಡ್ ತಾಣದಲ್ಲಿ ಉಚಿತವಾಗಿ ಹುಡುಕಬಹುದು.

ಪ್ರಶ್ನೆ: ‘ಪಾಸ್‌ವರ್ಡ್ ಮರೆತಿದೆ’ ಎಂಬುದನ್ನು ಒತ್ತಿದಾಗ ತಾಣವೊಂದು ನನ್ನ ಹಳೆಯ ಪಾಸ್‌ವರ್ಡನ್ನೇ ಇಮೇಲ್‌ನಲ್ಲಿ ಕಳುಹಿಸಿಕೊಟ್ಟಿತು. ಇದು ಅಪಾಯದ ಸೂಚನೆಯೆಂದು ಸ್ನೇಹಿತರು ಹೇಳುತ್ತಾರೆ. ನನಗೇನೋ ಅನುಕೂಲವೆನಿಸಿತು.

ಉತ್ತರ: ಸ್ನೇಹಿತರ ಮಾತು ಸರಿ. ಎಚ್ಚರದಿಂದ ಕಟ್ಟಿದ ತಾಣಕ್ಕೆ ನಿಮ್ಮ ಪಾಸ್‌ವರ್ಡ್ ಏನೆಂಬುದು ಗೊತ್ತಿರುವುದೇ ಇಲ್ಲ. ಅದು ಪಾಸ್‌ವರ್ಡನ್ನು ಹ್ಯಾಶ್ ಎಂಬ ಗಣಿತಕ್ರಿಯೆಗೆ ಒಳಪಡಿಸಿ, ಬಂದ ಫಲಿತಾಂಶವನ್ನಷ್ಟೇ ಇಟ್ಟುಕೊಳ್ಳುತ್ತದೆ. ಹಿಟ್ಟಿನಿಂದ ಕಾಳನ್ನು ಮರಳಿ ಪಡೆಯಲಾಗದಂತೆ ಆ ಫಲಿತಾಂಶದಿಂದ ಮೂಲ ಪದಕ್ಕೆ ನೇರವಾಗಿ ಹಿಂದಿರುಗಲು ಬರುವುದಿಲ್ಲ. ನೀವು ಮತ್ತೆ ಲಾಗಿನ್ ಆದಾಗ ಅದೇ ಕ್ರಿಯೆ ನಡೆದು ಎರಡು ಫಲಿತಾಂಶಗಳು ತಾಳೆಯಾಗುತ್ತವೆ. ಹಳೆಯ ಪಾಸ್‌ವರ್ಡನ್ನು ನಿಮಗೆ ಓದಿ ಹೇಳಬಲ್ಲ ತಾಣ ಅದನ್ನು ಕಳ್ಳರಿಗೂ ಓದಿ ಹೇಳುತ್ತದೆ.

ಹ್ಯಾಶ್ ಬಳಸಿದ ಮಾತ್ರಕ್ಕೆ ಎಲ್ಲವೂ ಭದ್ರವಲ್ಲ ಎಂಬುದನ್ನೂ ಸೇರಿಸಬೇಕು. ಇಬ್ಬರು ಒಂದೇ ಪಾಸ್‌ವರ್ಡ್ ಇಟ್ಟುಕೊಂಡರೆ ಇಬ್ಬರ ಹ್ಯಾಶ್ ಕೂಡ ಒಂದೇ ಆಗುತ್ತದೆಯಾದ್ದರಿಂದ, ಒಂದನ್ನು ಊಹಿಸಿದವನಿಗೆ ಎರಡೂ ಸಿಕ್ಕಂತೆ. ಪ್ರತಿ ಪಾಸ್‌ವರ್ಡಿಗೂ ಸಾಲ್ಟ್ ಎಂಬ ಬೇರೆ ಬೇರೆ ಯಾದೃಚ್ಛಿಕ ಅಕ್ಷರಗಳನ್ನು ಬೆರೆಸಿ ಈ ದಾರಿಯನ್ನು ಮುಚ್ಚಬೇಕೆಂದು ರಾಬರ್ಟ್ ಮಾರಿಸ್ ಮತ್ತು ಕೆನ್ ಥಾಂಪ್ಸನ್ 1979ರಲ್ಲೇ ಯುನಿಕ್ಸ್ ಎಂಬ ಕಾರ್ಯಾಚರಣಾ ವ್ಯವಸ್ಥೆ ಕುರಿತ ಪ್ರಬಂಧದಲ್ಲಿ ವಿವರಿಸಿದ್ದರು. ಮೂರು ದಶಕಗಳ ಬಳಿಕವೂ ಲಿಂಕ್ಡ್‌ಇನ್‌ನಿಂದ ಕಳುವಾದ ಹ್ಯಾಶ್‌ಗಳಲ್ಲಿ ಸಾಲ್ಟ್ ಇರಲಿಲ್ಲ! ಮೇಲಾಗಿ ಅಲ್ಲಿ ಬಳಸಿದ್ದ ಎಸ್‌ಎಚ್‌ಎ-1 ಎಂಬ ಹ್ಯಾಶ್ ವಿಧಾನ ಬಹು ವೇಗದ್ದು. ಇಂದಿನ ಒಂದು ಗ್ರಾಫಿಕ್ಸ್ ಕಾರ್ಡ್ ಸೆಕೆಂಡಿಗೆ ನೂರಾರು ಕೋಟಿ ಊಹೆಗಳನ್ನು ಅದರ ಮೇಲೆ ಪ್ರಯೋಗಿಸಬಲ್ಲದು. ಈ ವೇಗವನ್ನೇ ಕಟ್ಟಿಹಾಕಲು 1999ರಲ್ಲಿ ಪ್ರಕಟವಾದ ಬಿಕ್ರಿಪ್ಟ್‌ನಂತಹ ವಿಧಾನಗಳು ಬೇಕೆಂದೇ ನಿಧಾನವಾಗಿ ಲೆಕ್ಕ ಮಾಡುತ್ತವೆ.

ಒಂದು ತಾಣ ಒಳಗೆ ಏನು ಮಾಡುತ್ತಿದೆಯೆಂಬುದು ಬಳಕೆದಾರರಿಗೆ ಸಾಮಾನ್ಯವಾಗಿ ಕಾಣುವುದಿಲ್ಲ. ಆದ್ದರಿಂದ ಎಲ್ಲವೂ ಒಂದು ದಿನ ಸೋರುತ್ತದೆಂದೇ ಭಾವಿಸಿ, ಒಂದು ತಾಣದ ಪಾಸ್‌ವರ್ಡನ್ನು ಇನ್ನೊಂದು ತಾಣದಲ್ಲಿ ಬಳಸದಿರುವುದು ನಮ್ಮ ಕೈಯಲ್ಲಿರುವ ಉಪಾಯ. ಹತ್ತಾರು ಪಾಸ್‌ವರ್ಡ್‌ಗಳನ್ನು ನೆನಪಿಡಲಾಗದು ಎಂಬ ಆಕ್ಷೇಪ ನ್ಯಾಯವಾದದ್ದೇ. ಎಲ್ಲ ಪಾಸ್‌ವರ್ಡ್‌ಗಳನ್ನು ಭದ್ರವಾಗಿ ಕೂಡಿಟ್ಟು ಬೇಕಾದಾಗ ಒದಗಿಸುವ ಪಾಸ್‌ವರ್ಡ್ ಮ್ಯಾನೇಜರ್ ಎಂಬ ತಂತ್ರಾಂಶಗಳಿರುವುದು ಅದಕ್ಕಾಗಿ. ಕೆಲವು ತಿಂಗಳಿಗೊಮ್ಮೆ ಪಾಸ್‌ವರ್ಡ್ ಬದಲಿಸಬೇಕೆಂಬ ಹಳೆಯ ಕಟ್ಟಳೆಯನ್ನು ಮಾತ್ರ ಧಾರಾಳವಾಗಿ ಮರೆಯಬಹುದು. ಅಮೆರಿಕದ ಮಾನದಂಡ ಸಂಸ್ಥೆ ಎನ್‌ಐಎಸ್‌ಟಿ 2017ರ ಮಾರ್ಗಸೂಚಿಯಲ್ಲೇ ಅಂಥ ಒತ್ತಾಯ ಬೇಡವೆಂದು ಹೇಳಿ, ಹೊಸ ಪಾಸ್‌ವರ್ಡ್ ಈಗಾಗಲೇ ಸೋರಿದವುಗಳ ಪಟ್ಟಿಯಲ್ಲಿದೆಯೇ ಎಂದು ಪರೀಕ್ಷಿಸುವಂತೆ ಸೂಚಿಸಿತು.

ಪ್ರಶ್ನೆ: ವಂಚಕರು ಇಷ್ಟೊಂದು ಜಾಣರಾಗಿದ್ದರೆ, ಕೋಟ್ಯಂತರ ಹಣದ ವಾರಸುದಾರಿಕೆಯಂತಹ ನಂಬಲಾಗದ ಕಥೆಗಳನ್ನು ಏಕೆ ಬರೆಯುತ್ತಾರೆ?

ಉತ್ತರ: ಮೈಕ್ರೋಸಾಫ್ಟ್ ರಿಸರ್ಚ್‌ನ ಕಾರ್ಮಕ್ ಹರ್ಲಿ 2012ರ ಪ್ರಬಂಧವೊಂದರಲ್ಲಿ ಇದಕ್ಕೆ ಸೊಗಸಾದ ವಿವರಣೆ ನೀಡಿದ್ದಾರೆ. ಪತ್ರ ಕಳುಹಿಸಲು ವಂಚಕನಿಗೆ ಹೆಚ್ಚೇನೂ ಖರ್ಚಿಲ್ಲ. ಆದರೆ ಉತ್ತರಿಸಿದವರೊಡನೆ ವಾರಗಟ್ಟಲೆ ಮಾತು ನಡೆಸುವುದು ಶ್ರಮದ ಕೆಲಸ. ಕಥೆ ನಂಬುವಂತಿದ್ದರೆ ಸಂಶಯಿಗಳೂ ಉತ್ತರಿಸಿ, ಕೊನೆಯ ಗಳಿಗೆಯಲ್ಲಿ ಹಿಂದೆ ಸರಿದು ಅವನ ಸಮಯ ಹಾಳುಮಾಡುತ್ತಾರೆ. ಹಾಸ್ಯಾಸ್ಪದ ಕಥೆಯಾದರೆ ನಿಮ್ಮಂಥವರು ನಕ್ಕು ಅಳಿಸಿಹಾಕುತ್ತಾರೆ, ಪೂರ್ತಿ ನಂಬುವವರಷ್ಟೇ ಉಳಿಯುತ್ತಾರೆ. ಹಾಗಾಗಿ ನಗು ಬರಿಸುವ ಪತ್ರವನ್ನು ಕಂಡು ವಂಚಕರೆಲ್ಲ ದಡ್ಡರೆಂದುಕೊಳ್ಳುವುದು ನಮಗೇ ಅಪಾಯಕರ. ನಿಮ್ಮ ಹೆಸರು, ಕೆಲಸ, ಇತ್ತೀಚಿನ ಖರೀದಿಗಳ ವಿವರವನ್ನೆಲ್ಲ ಸೋರಿಕೆಗಳಿಂದ ಹೆಕ್ಕಿ ನಿಮಗೊಬ್ಬರಿಗೇ ಬರೆಯುವ ಇನ್ನೊಂದು ಬಗೆಯ ವಂಚಕರಿದ್ದಾರೆ; ಅವರ ಪತ್ರಗಳಲ್ಲಿ ನಗಲು ಏನೂ ಇರುವುದಿಲ್ಲ.

ಪ್ರಶ್ನೆ: ಸ್ಪ್ಯಾಮ್ ಪತ್ರಗಳ ಕೆಳಗಿರುವ ‘ಅನ್‌ಸಬ್‌ಸ್ಕ್ರೈಬ್’ ಒತ್ತಬಹುದೇ?

ಉತ್ತರ: ನೀವೇ ಚಂದಾದಾರರಾಗಿದ್ದ, ಪರಿಚಿತ ಸಂಸ್ಥೆಯ ಪತ್ರವಾದರೆ ಒತ್ತಿ. ಅಪರಿಚಿತರದ್ದಾದರೆ ಬೇಡ, ಆ ಕೊಂಡಿಯನ್ನು ಒತ್ತಿದರೆ ನಿಮ್ಮ ವಿಳಾಸ ಬಳಕೆಯಲ್ಲಿದೆಯೆಂದು ಅವರಿಗೆ ನೀವೇ ತಿಳಿಸಿದಂತಾಗುತ್ತದೆ. ಸ್ಪ್ಯಾಮ್ ಎಂದು ಗುರುತು ಹಾಕಿ ಬಿಟ್ಟುಬಿಡಿ.

ಪ್ರಶ್ನೆ: ತಾಣದ ನಿರ್ವಾಹಕರೆಂದು ಹೇಳಿಕೊಂಡ ಒಬ್ಬರು ನನ್ನ ಫೋನಿಗೆ ಬಂದ ಆರಂಕಿಯ ಕೋಡ್ ಕೇಳಿದರು. ಕೊಡಲಿಲ್ಲ. ಎರಡು ಹಂತದ ಪರಿಶೀಲನೆ ಇದ್ದರೂ ಅವರು ಅಲ್ಲಿಯವರೆಗೆ ಹೇಗೆ ಬಂದರು?

ಉತ್ತರ: ಆ ಕೋಡ್ ನಿಮ್ಮ ಫೋನಿಗೆ ಬಂದದ್ದು ಅವರು ನಿಮ್ಮ ಪಾಸ್‌ವರ್ಡನ್ನು ಆಗಲೇ ಸರಿಯಾಗಿ ನಮೂದಿಸಿದ್ದರಿಂದ, ಇಲ್ಲವೇ ಪಾಸ್‌ವರ್ಡ್ ಬದಲಿಸಲು ಕೋರಿಕೆ ಸಲ್ಲಿಸಿದ್ದರಿಂದ ಇರಬೇಕು. ನೀವು ಕೋಡ್ ತಡೆಹಿಡಿದದ್ದು ಸರಿಯಾಯಿತು, ಆದರೆ ಪಾಸ್‌ವರ್ಡನ್ನು ಈ ದಿನವೇ ಬದಲಿಸಿ. ನಿಜವಾದ ನಿರ್ವಾಹಕರಿಗೆ ನಿಮ್ಮ ಕೋಡ್‌ನಿಂದ ಆಗಬೇಕಾದ ಕೆಲಸ ಯಾವುದೂ ಇಲ್ಲ.

ಎರಡು ಹಂತದ ಪರಿಶೀಲನೆಗಳಲ್ಲಿಯೂ ತರತಮವಿದೆ. ನಿಮ್ಮ ದೂರವಾಣಿ ಸಂಖ್ಯೆಗೆ ಇನ್ನೊಂದು ಸಿಮ್ ಪಡೆದವನು ಎಸ್‌ಎಮ್‌ಎಸ್‌ನಲ್ಲಿ ಬರುವ ಕೋಡನ್ನು ತನ್ನ ಫೋನಿನಲ್ಲಿ ಓದಬಲ್ಲ. ಸಾಮಾನ್ಯವಾಗಿ ಮೂವತ್ತು ಸೆಕೆಂಡಿಗೊಮ್ಮೆ ಫೋನಿನೊಳಗೇ ಹೊಸ ಕೋಡ್ ತಯಾರಿಸುವ ಅಥೆಂಟಿಕೇಟರ್ ಆ್ಯಪ್‌ಗಳಲ್ಲಿ ಈ ತೊಂದರೆಯಿಲ್ಲ, ಆದರೂ ನಕಲಿ ಪುಟವೊಂದು ನೀವು ನಮೂದಿಸಿದ ಕೋಡನ್ನು ಆ ಅವಧಿಯೊಳಗೇ ಅಸಲಿ ತಾಣಕ್ಕೆ ದಾಟಿಸಬಲ್ಲದು. ತಾಣದ ವಿಳಾಸವನ್ನು ಕಣ್ಣಿಟ್ಟು ನೋಡಿದರೆ ಸಾಕು ಎನ್ನುವವರಿಗೆ ಒಂದು ಉದಾಹರಣೆ: 2017ರಲ್ಲಿ ಸಂಶೋಧಕರೊಬ್ಬರು ರಷ್ಯನ್ ಮುಂತಾದ ಭಾಷೆಗಳ ಸಿರಿಲಿಕ್ ಲಿಪಿಯ ಅಕ್ಷರಗಳನ್ನು ಬಳಸಿ, ಕೆಲವು ಬ್ರೌಸರ್‌ಗಳಲ್ಲಿ ಆ್ಯಪಲ್ ಕಂಪನಿಯ ವಿಳಾಸದಂತೆಯೇ ಕಾಣುವ ವಿಳಾಸವನ್ನು ನೋಂದಾಯಿಸಿ ತೋರಿಸಿದ್ದರು. 2019ರಲ್ಲಿ ವೆಬ್ ಮಾನದಂಡಗಳ ಸಂಸ್ಥೆ ಡಬ್ಲ್ಯು3ಸಿಯ ಮಾನದಂಡವಾದ ವೆಬ್‌ಆಥನ್ ಎಂಬ ಲಾಗಿನ್ ವಿಧಾನವನ್ನು ಆಧರಿಸಿದ, ಪಾಸ್‌ವರ್ಡಿನ ಬದಲು ಗುಪ್ತ ಕೀಲಿಯನ್ನು ಬಳಸುವ ಪಾಸ್‌ಕೀಗಳು ಈ ಮೋಸಕ್ಕೆ ಸಿಲುಕುವುದಿಲ್ಲ, ಏಕೆಂದರೆ ಅಲ್ಲಿ ವಿಳಾಸವನ್ನು ತಾಳೆ ನೋಡುವುದು ನಮ್ಮ ಕಣ್ಣಲ್ಲ, ಸಾಧನ. ನಿಮ್ಮ ತಾಣ ಪಾಸ್‌ಕೀ ಒದಗಿಸುತ್ತಿದ್ದರೆ ಅದನ್ನೇ ಆರಿಸಿಕೊಳ್ಳಿ. ಇಲ್ಲವಾದರೆ ಆ್ಯಪ್, ಅದೂ ಇಲ್ಲವಾದರೆ ಎಸ್‌ಎಮ್‌ಎಸ್ ಆದರೂ ಇರಲಿ.

ಪ್ರಶ್ನೆ: ಈಗ ಬಳಸದ ಹಳೆಯ ಖಾತೆಗಳನ್ನು ಅಳಿಸಲೇಬೇಕೇ? ಅಲ್ಲಿ ನಿಜವಾದ ಜನ್ಮದಿನಾಂಕ, ತಾಯಿಯ ತವರಿನ ಹೆಸರು ಎಲ್ಲವನ್ನೂ ಕೊಟ್ಟಿದ್ದೇನೆ.

ಉತ್ತರ: ಅಳಿಸುವುದು ಒಳ್ಳೆಯದು. ಯಾರೂ ನೋಡಿಕೊಳ್ಳದ ತಾಣಗಳ ತಂತ್ರಾಂಶ ಹಳತಾಗಿ, ಸೋರಿಕೆಯ ಸಾಧ್ಯತೆ ಹೆಚ್ಚುತ್ತದೆ. ಐರೋಪ್ಯ ಒಕ್ಕೂಟದಲ್ಲಿ 2018ರಿಂದ ಜಾರಿಯಲ್ಲಿರುವ ಜಿಡಿಪಿಆರ್ ಎಂಬ ದತ್ತಾಂಶ ರಕ್ಷಣಾ ನಿಯಮದ 17ನೆಯ ವಿಧಿ ತಮ್ಮ ಮಾಹಿತಿಯನ್ನು ಅಳಿಸುವಂತೆ ಕೇಳುವ ಹಕ್ಕನ್ನು ಕೆಲವು ಷರತ್ತುಗಳೊಡನೆ ನೀಡುತ್ತದೆ. ಬೇರೆಡೆಯೂ ಅನೇಕ ತಾಣಗಳು ಆ ಸೌಲಭ್ಯ ಒದಗಿಸುತ್ತವೆ. ಖಾತೆ ಮುಚ್ಚಿದ ಮೇಲೂ ಕೆಲವು ವಿವರಗಳು ಉಳಿದುಬಿಡಬಹುದಾದ್ದರಿಂದ, ಮುಚ್ಚುವ ಮುನ್ನ ಅವುಗಳನ್ನು ಅರ್ಥವಿಲ್ಲದ ಅಕ್ಷರಗಳಿಂದ ಬದಲಿಸಿಬಿಡಿ. ಇನ್ನು ತಾಯಿಯ ತವರಿನ ಹೆಸರಿನಂತಹ ಭದ್ರತಾ ಪ್ರಶ್ನೆಗಳಿಗೆ ನಿಜವನ್ನೇ ಹೇಳಬೇಕಾದ ಅಗತ್ಯವೇನೂ ಇಲ್ಲ. ಅದು ಕೂಡ ಒಂದು ಪಾಸ್‌ವರ್ಡ್ ಎಂದೇ ತಿಳಿದು, ಪ್ರತಿ ತಾಣಕ್ಕೂ ಬೇರೆ ಬೇರೆ ಸುಳ್ಳು ಉತ್ತರ ಕೊಟ್ಟು, ಅದನ್ನು ಪಾಸ್‌ವರ್ಡ್ ಮ್ಯಾನೇಜರ್‌ನಲ್ಲಿಯೇ ಬರೆದಿಟ್ಟುಕೊಳ್ಳಿ.